ಹೊರೆಯೇ ಆಧಾರವಾದ ಹಾರಾಟ

ಸುಬ್ರಹ್ಮಣ್ಯದಿಂದ ಕಡಬದ ಕಡೆಗೆ ಬರುವ ಕಾಡುದಾರಿಯಲ್ಲಿ ಮಳೆಗಾಲದ ಹೊಸ್ತಿಲಿನ ದಿನಗಳಲ್ಲಿ ನಡೆದವರು ಕಿರಾಲುಬೋಗಿಯ ಮರವನ್ನು ಗಮನಿಸಿರಬಹುದು. ಅದರ ಕಾಯಿಗೆ ಎರಡು ರೆಕ್ಕೆಗಳು. ತೊಟ್ಟು ಕಳಚಿದ ಕಾಯಿ ಕಲ್ಲಿನಂತೆ ನೆಲಕ್ಕೆ ಬೀಳುವುದಿಲ್ಲ. ಗಿರಗಿರನೆ ಸುತ್ತುತ್ತ, ಗಾಳಿ ಒಯ್ದತ್ತ ಸಾಗಿ, ತಾಯಿಮರದಿಂದ ತುಸು ದೂರದಲ್ಲಿ ಇಳಿಯುತ್ತದೆ. ಅದನ್ನು ತಿರುಗಿಸುವ ಯಂತ್ರ ಯಾವುದೂ ಇಲ್ಲ. ಕೆಳಗಿನಿಂದ ಮೇಲಕ್ಕೆ ನುಗ್ಗುವ ಗಾಳಿಯೇ ರೆಕ್ಕೆಯನ್ನು ತಿರುಗಿಸುತ್ತದೆ. ತಿರುಗುವ ರೆಕ್ಕೆಯೇ ಬೀಜವನ್ನು ಎತ್ತಿ ಹಿಡಿಯುತ್ತದೆ. ಇದೇ ಗುಟ್ಟಿನ ಮೇಲೆ ನಿಂತಿರುವ ಒಂದು ಪುಟ್ಟ ವಾಹನದ ವಿಚಾರವನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ಅದರ ಹೆಸರು ಜೈರೊಕಾಪ್ಟರ್.

ನೋಡುವುದಕ್ಕೆ ಇದು ಹೆಲಿಕಾಪ್ಟರಿನ ಬಡ ತಮ್ಮನಂತೆ ಕಾಣುತ್ತದೆ. ಆದರೆ ಇಬ್ಬರ ಸ್ವಭಾವವೂ ಬೇರೆ. ಹೆಲಿಕಾಪ್ಟರಿನಲ್ಲಿ ತಲೆಯ ಮೇಲಿನ ರೆಕ್ಕೆಯನ್ನು, ಎಂದರೆ ರೋಟರನ್ನು, ಎಂಜಿನು ತಿರುಗಿಸುತ್ತದೆ. ಜೈರೊಕಾಪ್ಟರಿನ ಎಂಜಿನಿಗಾದರೋ ಹಾರಾಟದಲ್ಲಿ ಒಂದೇ ಕೆಲಸ: ಆಸನದ ಹಿಂದಿರುವ ಪ್ರೊಪೆಲರನ್ನು ತಿರುಗಿಸಿ ವಾಹನವನ್ನು ಮುಂದಕ್ಕೆ ನೂಕುವುದು. ಮುಂದೆ ಸಾಗಿದಾಗ ಎದುರಾಗುವ ಗಾಳಿಯು ರೋಟರಿನ ನಡುವೆ ಕೆಳಗಿನಿಂದ ಮೇಲಕ್ಕೆ ಹಾಯುತ್ತದೆ, ರೋಟರು ತಾನೇ ತಾನಾಗಿ ತಿರುಗುತ್ತದೆ.

ಇದರ ಮೂಲಪುರುಷ ಸ್ಪೇನ್ ದೇಶದ ಹ್ವಾನ್ ದೆ ಲಾ ಸಿಯೆರ್ವ. 1919ರಲ್ಲಿ ಆತ ರಚಿಸಿದ ದೊಡ್ಡ ವಿಮಾನವೊಂದು ನೆಲದ ಸಮೀಪದಲ್ಲಿ ವೇಗ ಕುಂದಿ ಕೆಳಗೆ ಬಿದ್ದಿತು. ವೇಗ ತಗ್ಗಿದರೂ ಬೀಳದಂಥ ವಾಹನ ಸಾಧ್ಯವೇ ಎಂಬ ಪ್ರಶ್ನೆ ಅಂದಿನಿಂದ ಅವನನ್ನು ಹಿಡಿಯಿತು. ಅವನ ಮೊದಲ ಯಂತ್ರಗಳು ಪಕ್ಕಕ್ಕೆ ಮಗುಚಿಕೊಂಡವು. ಸುತ್ತುವ ರೆಕ್ಕೆಗಳಲ್ಲಿ ಗಾಳಿಗೆ ಎದುರಾಗಿ ಬರುವ ರೆಕ್ಕೆಗೆ ಹೆಚ್ಚು ಎತ್ತುವ ಬಲ, ಗಾಳಿಯೊಡನೆ ಹಿಂದೆ ಸರಿಯುವ ರೆಕ್ಕೆಗೆ ಕಡಿಮೆ, ಅದೇ ಕಾರಣ. ಅವನ ಪುಟ್ಟ ಮಾದರಿ ಮಾತ್ರ ಚೆನ್ನಾಗಿಯೇ ಹಾರುತ್ತಿತ್ತು. ಅದರ ರೆಕ್ಕೆಗಳ ಎಲುಬು ಬೆತ್ತದ್ದು, ಬಳುಕುತ್ತಿತ್ತು. ಆ ಬಳುಕೇ ಗುಟ್ಟೆಂದು ತಿಳಿದು ದೊಡ್ಡ ಯಂತ್ರದ ರೆಕ್ಕೆಗಳಿಗೆ ಅವನು ಕೀಲುಗಳನ್ನಿಟ್ಟ. 1923ರ ಜನವರಿಯಲ್ಲಿ ಯಂತ್ರ ಹಾರಿತು. ಬಗ್ಗದ್ದು ಮಗುಚುತ್ತದೆ, ಬಳುಕುವುದು ನಿಲ್ಲುತ್ತದೆ ಎಂಬುದನ್ನು ಬೆತ್ತದ ನಾಡಿನವರಾದ ನಮಗೆ ಯಾರೂ ಹೇಳಬೇಕಾಗಿಲ್ಲ. ವಿಧಿಯ ವಿಪರ್ಯಾಸವೆಂದರೆ, ಆತ 1936ರಲ್ಲಿ ಮೃತನಾದದ್ದು ತನ್ನ ಯಂತ್ರದಲ್ಲಿ ಅಲ್ಲ. ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಿಂದ ಮಂಜಿನಲ್ಲಿ ಮೇಲೇರಿದ ಸಾಮಾನ್ಯ ವಿಮಾನವೊಂದರಲ್ಲಿ, ಪ್ರಯಾಣಿಕನಾಗಿ.

ಈ ವಾಹನವನ್ನು ಮನೆಯ ಜಗಲಿಗೆ ತಂದವನು ರಷ್ಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಇಗೊರ್ ಬೆನ್ಸನ್. 1950ರ ದಶಕದಲ್ಲಿ ಆತ ಹಗುರವಾದ ಒಂದು ಯಂತ್ರವನ್ನು ರೂಪಿಸಿ, ಆಸಕ್ತರು ತಾವೇ ಕಟ್ಟಿಕೊಳ್ಳಲೆಂದು ನಕ್ಷೆಗಳನ್ನು ಮಾರಿದ. ಜೈರೊಕಾಪ್ಟರ್ ಎಂಬ ಹೆಸರೂ ಅವನು ಇಟ್ಟದ್ದೇ. ಲೋಹದ ನಾಲ್ಕು ಕೊಳವೆ, ಒಂದು ಆಸನ, ಒಂದು ಸಣ್ಣ ಎಂಜಿನು, ತಲೆಯ ಮೇಲೆ ಎರಡೆಳೆಯ ರೋಟರು, ಇಷ್ಟೇ ವಾಹನ. ಸುತ್ತ ಗೋಡೆಯಿಲ್ಲ, ಮೇಲೆ ಮಾಡಿಲ್ಲ. ಮುಖಕ್ಕೆ ಗಾಳಿ ತಾಗುತ್ತಿರುತ್ತದೆ, ಕಾಲಿನ ಕೆಳಗೆ ತೋಟಗಳೂ ತೋಡುಗಳೂ ಹಿಂದೆ ಸರಿಯುತ್ತಿರುತ್ತವೆ. ಪುಷ್ಪಕವಿಮಾನದ ಕಥೆ ಕೇಳಿ ಬೆಳೆದ ಮನಸ್ಸಿಗೆ ಇದಕ್ಕಿಂತ ಹೆಚ್ಚಿನ ಆಮಿಷ ಬೇಕೆ? ಈ ಆನಂದವನ್ನು ಹಳಿಯುವ ಉದ್ದೇಶ ನನಗಿಲ್ಲ.

ಈ ವಾಹನದ ಒಳ್ಳೆಯ ಗುಣವನ್ನೂ ಮರೆಯಬಾರದು. ಹಾರುತ್ತಿರುವಾಗ ಎಂಜಿನು ನಿಂತರೆ ಅದು ತಟ್ಟನೆ ಬೀಳುವುದಿಲ್ಲ. ರೋಟರು ತಿರುಗುತ್ತಲೇ ಇರುತ್ತದೆ. ಅಣಿಯಾದ ಕೈಯಾದರೆ ಚಿಕ್ಕ ಬಯಲೊಂದರಲ್ಲಿ ಇಳಿಸಬಹುದು. ಹಾಗಿದ್ದರೆ ಅಪಾಯ ಎಲ್ಲಿದೆ?

ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ಪ್ರಶ್ನೆ ಎದುರಾದ ಬಗೆಯನ್ನು ಹೇಳಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಸುಳ್ಯದ ಕಡೆಯ ಕೃಷಿಕರು. ಅವರ ಮಗ ಒಮ್ಮೆ ಇಂಗ್ಲಿಷ್ ಕೈಪಿಡಿಯೊಂದನ್ನು ಹಿಡಿದು ಬಂದ. ನಕ್ಷೆಗಳೆಲ್ಲ ಅವನಿಗೆ ಅಂಗೈ ಮೇಲಿನ ನೆಲ್ಲಿಕಾಯಿ; ಮದ್ದು ಬಿಡುವ ಪಂಪನ್ನು ಬಿಚ್ಚಿ ಜೋಡಿಸಿ ಬೆಳೆದ ಹುಡುಗ. ಕೊನೆಯ ಪುಟಗಳ ಒಂದು ವಾಕ್ಯ ಮಾತ್ರ ಅರ್ಥವಾಗಲಿಲ್ಲವೆಂದ. ರೋಟರಿನ ಮೇಲಿನ ಹೊರೆಯನ್ನು ಎಂದೂ ಇಳಿಸಬಾರದು ಎಂಬುದು ಅದರ ತಾತ್ಪರ್ಯ. "ಹೊರೆ ಇಳಿದರೆ ಒಳ್ಳೆಯದೇ ಅಲ್ಲವೇ ಸಾರ್?" ಎಂದು ಕೇಳಿದ. ನಮ್ಮ ಭಾಷೆಯ ಮಟ್ಟಿಗೆ ಅವನ ಸಂಶಯ ಸಹಜವೇ. ನಮ್ಮಲ್ಲಿ ಹೊರೆ ಇಳಿಯಿತೆಂದರೆ ನೆಮ್ಮದಿ. ದಾರಿಬದಿಯಲ್ಲಿ ಹೊರೆ ಇಳಿಸಲು ಕಲ್ಲು ನಿಲ್ಲಿಸಿದ್ದನ್ನು ಪುಣ್ಯವೆಂದೆಣಿಸಿದ ಜನ ನಾವು. ಆದರೆ ಈ ವಾಹನದಲ್ಲಿ ಹೊರೆಯೇ ಬದುಕು.

ಕಾರಣವನ್ನು ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡೆ. ವಾಹನವೂ ಚಾಲಕನೂ ರೋಟರಿನಿಂದ ತೂಗುತ್ತಿರುವವರೆಗೆ ಗಾಳಿ ಅದರ ನಡುವೆ ಮೇಲಕ್ಕೆ ಹಾಯುತ್ತದೆ, ರೋಟರು ತಿರುಗುತ್ತದೆ. ಚಾಲಕ ಹಿಡಿಕೋಲನ್ನು ಒಮ್ಮೆಲೇ ಮುಂದಕ್ಕೆ ಒತ್ತಿದನೆನ್ನಿ. ಉಯ್ಯಾಲೆಯ ತುದಿಯಲ್ಲಿ ಆಗುವಂತೆ ಮೈ ಕ್ಷಣಕಾಲ ಹಗುರವಾಗುತ್ತದೆ. ಆ ಕ್ಷಣದಲ್ಲಿ ಗಾಳಿಯ ಹಾಯುವಿಕೆ ತಪ್ಪಿ ರೋಟರು ಬಲಗುಂದುತ್ತದೆ. ಹಿಂದಿನ ಪ್ರೊಪೆಲರು ಮಾತ್ರ ನೂಕುತ್ತಲೇ ಇರುತ್ತದೆ. ಅದರ ನೂಕುಬಲ ವಾಹನದ ಗುರುತ್ವಕೇಂದ್ರಕ್ಕಿಂತ ಮೇಲಿದ್ದರೆ, ಎತ್ತರದ ಕಪಾಟನ್ನು ಮೇಲ್ತುದಿಯಲ್ಲಿ ನೂಕಿದಂತೆ, ವಾಹನ ಮೂತಿ ಕೆಳಗಾಗಿ ಮುಗ್ಗರಿಸುತ್ತದೆ. ರೋಟರು ಬಾಲವನ್ನೋ ಪ್ರೊಪೆಲರನ್ನೋ ಬಡಿಯುತ್ತದೆ. ಅಲ್ಲಿಂದ ಚೇತರಿಸಿಕೊಳ್ಳುವ ಉಪಾಯವಿಲ್ಲ.

ಇದಕ್ಕೆ ಮುನ್ನ ಸಾಮಾನ್ಯವಾಗಿ ಒಂದು ಸೂಚನೆ ಬರುತ್ತದೆ: ಮೂತಿ ಮೇಲೆ ಕೆಳಗೆ ತೂಗತೊಡಗುತ್ತದೆ. ಹೊಸಬ ಅದನ್ನು ಸರಿಪಡಿಸಲು ಕೈಯಾಡಿಸುತ್ತಾನೆ. ಅವನ ಕೈ ಒಂದು ಕ್ಷಣ ತಡವಾಗಿ ಬರುವುದರಿಂದ ಪ್ರತಿ ತಿದ್ದುಪಡಿಯೂ ತೂಗಾಟವನ್ನು ಹೆಚ್ಚಿಸುತ್ತದೆ. ಎಂಜಿನಿನ ವೇಗವನ್ನು ಇಳಿಸಿ, ಕೋಲನ್ನು ಮೆಲ್ಲನೆ ಸ್ಥಿರವಾಗಿ ಹಿಡಿಯುವುದೇ ಅದಕ್ಕೆ ಮದ್ದು. ಅವಸರದ ಕೈಗಿಂತ ಸುಮ್ಮನಿರುವ ಕೈ ಲೇಸು. ಸಾಮಾನ್ಯ ವಿಮಾನದಲ್ಲಿ ವೇಗ ಕುಂದಿದಾಗ ಕೋಲನ್ನು ಮುಂದಕ್ಕೆ ಒತ್ತುವುದು ಪ್ರಾಣ ಉಳಿಸುವ ಅಭ್ಯಾಸ. ಇಲ್ಲಿ ಅದೇ ಅಭ್ಯಾಸ ಪ್ರಾಣಕ್ಕೆ ಎರವಾಗಬಹುದು. ಆದುದರಿಂದ ವಿಮಾನ ಬಲ್ಲವನೂ ಇಲ್ಲಿ ಅಆಇಈಯಿಂದಲೇ ತೊಡಗಬೇಕು. 1970ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ಪ್ರದರ್ಶನದಲ್ಲಿ ಇಂಥ ವಾಹನ ಹಾರಿಸುತ್ತ ಮಡಿದವನು ನುರಿತ ಪರೀಕ್ಷಾ ಚಾಲಕನೇ ಆಗಿದ್ದನು.

ಮುಂದೆ ಗ್ಲಾಸ್ಗೋ ವಿಶ್ವವಿದ್ಯಾಲಯದ ವಿದ್ವಾಂಸರು ಇದನ್ನು ಅಳೆದು ನೋಡಿದರು. ಪ್ರೊಪೆಲರಿನ ನೂಕುರೇಖೆಗೂ ಗುರುತ್ವಕೇಂದ್ರಕ್ಕೂ ಎರಡು ಅಂಗುಲಕ್ಕಿಂತ ಹೆಚ್ಚು ಅಂತರವಿರಬಾರದೆಂಬ ನಿಯಮ ಬ್ರಿಟನ್ನಿನಲ್ಲಿ ಬಂದಿತು. ಎರಡೇ ಅಂಗುಲ! ಮನೆಯಲ್ಲಿ ಕಟ್ಟುವವನು ಆಸನವನ್ನು ತುಸು ತಗ್ಗಿಸಿದರೂ, ಪ್ರೊಪೆಲರನ್ನು ತುಸು ದೊಡ್ಡದು ಮಾಡಿದರೂ ಈ ಲೆಕ್ಕ ತಪ್ಪುತ್ತದೆ. ಬಾಲದಲ್ಲಿ ಅಗಲವಾದ ಅಡ್ಡರೆಕ್ಕೆ ಇದ್ದರೆ ತೂಗಾಟ ಬಹಳಷ್ಟು ತಗ್ಗುತ್ತದೆ. ಹಳೆಯ ನಕ್ಷೆಗಳಲ್ಲಿ ಅದಕ್ಕೆ ತಕ್ಕ ಸ್ಥಾನವಿರಲಿಲ್ಲ. ಅಪಾಯ ನೆಲದ ಮೇಲೂ ಉಂಟು. ರೋಟರಿಗೆ ಸಾಕಷ್ಟು ವೇಗ ಬರುವ ಮುನ್ನ ವಾಹನವನ್ನು ಜೋರಾಗಿ ಓಡಿಸಿದರೆ ಎಳೆಗಳು ಮೇಲೆ ಕೆಳಗೆ ಬಡಿದಾಡಿ ವಾಹನವನ್ನೇ ಕೆಡವುತ್ತವೆ.

ಇನ್ನು ನಮ್ಮ ನೆಲದ ಮಾತು. ಎಂಜಿನು ನಿಂತರೆ ಚಿಕ್ಕ ಬಯಲು ಸಾಕೆಂದೆನಷ್ಟೆ. ಆ ಬಯಲು ನಮ್ಮಲ್ಲಿ ಎಲ್ಲಿದೆ? ಪುತ್ತೂರಿನಿಂದ ಸುಳ್ಯಕ್ಕೆ ಹೋದರೂ ಕಡಬಕ್ಕೆ ಹೋದರೂ ಗುಡ್ಡ, ಕಣಿವೆ, ಒತ್ತೊತ್ತಾಗಿ ನಿಂತ ಅಡಿಕೆ ತೋಟ, ರಬ್ಬರು ತೋಟ, ಅವುಗಳ ಮಧ್ಯೆ ವಿದ್ಯುತ್ ತಂತಿ. ಪೂರ್ವಕ್ಕೆ ಹೊರಳಿದರೆ ಕುಮಾರ ಪರ್ವತದ ಸಾಲು. ಗುಡ್ಡವನ್ನು ಹಾಯ್ದು ಬರುವ ಗಾಳಿಗೆ ಸುಳಿಗಳು ಹೆಚ್ಚು. ನಮ್ಮ ಜಿಲ್ಲೆಯ ವಿಮಾನ ನಿಲ್ದಾಣವೂ ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ್ದೇ. 2010ರ ಮೇ 22ರಂದು ಅಲ್ಲಿ ಓಡುದಾರಿಯನ್ನು ದಾಟಿದ ವಿಮಾನ ಕಮರಿಗೆ ಬಿದ್ದು 158 ಮಂದಿ ಮಡಿದರು. ದೊಡ್ಡ ವಿಮಾನಕ್ಕೂ ಕ್ಷಮೆ ತೋರದ ನೆಲವಿದು.

ಹಾಗೆಂದು ನಮ್ಮವರ ಯಂತ್ರಬುದ್ಧಿಯನ್ನು ಕಟ್ಟಿಹಾಕಬೇಕೆ? ಖಂಡಿತ ಬೇಡ. ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕರೊಬ್ಬರು ಅಡಿಕೆ ಮರವನ್ನು ಏರುವ ಸ್ಕೂಟರನ್ನು ರೂಪಿಸಿದ್ದು 2019ರಲ್ಲಿ ನಾಡಿಗೆಲ್ಲ ತಿಳಿಯಿತು. ಅದರಲ್ಲಿ ಆಸನಕ್ಕೆ ಪಟ್ಟಿಯಿದೆ, ಬ್ರೇಕಿದೆ. ಮೇಲೇರುವ ಯಂತ್ರವನ್ನು ಎಣಿಸಿದವರು ಇಳಿಯುವ ದಾರಿಯನ್ನೂ ಎಣಿಸಿದ್ದರು. ಇದಕ್ಕೆ ಪ್ರತಿಯಾಗಿ 2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹಳ್ಳಿಯೊಂದರಲ್ಲಿ, ತಾನೇ ಕಟ್ಟಿದ ಹೆಲಿಕಾಪ್ಟರನ್ನು ಪರೀಕ್ಷಿಸುತ್ತಿದ್ದ ತರುಣನೊಬ್ಬ ರೆಕ್ಕೆಯ ಏಟಿಗೆ ಸಿಕ್ಕಿ ಮಡಿದ. ವಾಹನ ನೆಲ ಬಿಟ್ಟೇ ಇರಲಿಲ್ಲ. ಪ್ರತಿಭೆಗೆ ಅವನಲ್ಲಿ ಕೊರತೆಯಿರಲಿಲ್ಲ. ಪಕ್ಕದಲ್ಲಿ ನಿಂತು "ತಾಳು" ಎನ್ನುವ ಬಲ್ಲವರ ಕೊರತೆ ಇಂಥ ಎಷ್ಟೋ ಹುಡುಗರದು.

ಕಾಲಿಗೆ ತಳೆ ತೊಟ್ಟು ಅಡಿಕೆ ಮರ ಏರುವವನು ಮೊದಲ ದಿನ ಒಬ್ಬನೇ ಏರುವುದಿಲ್ಲ. ತೆಂಕುತಿಟ್ಟಿನ ವೇಷಧಾರಿ ದಿಗಿಣವನ್ನು ಗುರುವಿಲ್ಲದೆ ಕಲಿಯುವುದಿಲ್ಲ. ಯಂತ್ರವನ್ನು ಒಬ್ಬನೇ ಕಟ್ಟಬಹುದು. ಹಾರಾಟವನ್ನು ಒಬ್ಬನೇ ಕಲಿಯಲಾಗದು. ಇಬ್ಬರು ಕೂರುವ ವಾಹನದಲ್ಲಿ ಗುರುವಿನ ಪಕ್ಕ ಕುಳಿತು ಕಲಿಯಬೇಕು. ಕಟ್ಟಿದ್ದನ್ನು ಬಲ್ಲವರಿಗೆ ತೋರಿಸಬೇಕು. ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದ ಅನುಮತಿಯನ್ನು ಕಾಗದದ ಕಾಟವೆಂದು ಬಗೆಯದೆ, ಇನ್ನೊಂದು ಜೊತೆ ಕಣ್ಣೆಂದು ಬಗೆಯಬೇಕು. ಆ ಹುಡುಗನಿಗೆ ನಾನು ಇದನ್ನೇ ಹೇಳಿದೆ. ಅವನು ಕೈಪಿಡಿಯ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡು ಹೋದ.

ಅವನು ಬರೆದುಕೊಂಡದ್ದು ನನ್ನನ್ನು ಯೋಚನೆಗೆ ಹಚ್ಚಿತು. ಪುತ್ತೂರಿನಲ್ಲಿ ನೆಲೆಸಿ ಶಿವರಾಮ ಕಾರಂತರು 1936ರಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು, ಮುಂದೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ನಮಗೆ ಕೊಟ್ಟರು. ಲೋಕದ ಬೆರಗು ಕನ್ನಡದಲ್ಲಿ ಸಿಗಬೇಕೆಂಬುದು ಅವರ ಹಟ. ಇಂದು ಬೆರಗನ್ನು ಚಿತ್ರಗಳೇ ತಂದು ಸುರಿಯುತ್ತಿವೆ. ಅದಕ್ಕೆ ಭಾಷೆ ಬೇಕಾಗಿಲ್ಲ. ಭಾಷೆ ಬೇಕಾಗಿರುವುದು ಎಚ್ಚರಿಕೆಗೆ. ಹೇಗೆ ಕಟ್ಟಬೇಕೆಂಬುದು ಕಣ್ಣಿಗೆ ಕಾಣುತ್ತದೆ. ಏನು ಮಾಡಬಾರದೆಂಬುದು ಕಾಣುವುದಿಲ್ಲ, ಅದನ್ನು ಹೇಳಬೇಕು, ಕೇಳುವವನ ಮಾತಿನಲ್ಲೇ ಹೇಳಬೇಕು. ಆ ಕೆಲಸ ಎಂಜಿನಿಯರುಗಳದೆಂದು ನಾವು ಸಾಹಿತ್ಯದವರು ಕೈತೊಳೆದುಕೊಳ್ಳುವಂತಿಲ್ಲ. ಒಂದು ಶಬ್ದದ ಅರ್ಥ ತಿಳಿಯದೆ ಒಂದು ಜೀವ ಹೋಗಬಹುದಾದಲ್ಲಿ, ಆ ಶಬ್ದವನ್ನು ತಿಳಿಯಾಗಿ ಬಿಡಿಸಿ ಹೇಳುವುದು ಯಾವ ಕಾವ್ಯವ್ಯಾಖ್ಯಾನಕ್ಕೂ ಕಡಿಮೆಯ ಕೆಲಸವಲ್ಲ.