‘ತಿಳೀತಾ?’ ಅಂತ ಕೇಳಬ್ಯಾಡ್ರಿ



ನಮ್ಮ ಕೇರಿಯ ಬಸುರಿ ಹೆಣ್ಣುಮಗಳಿಗೆ “ರಕ್ತ ಕಡಿಮಿ ಅದ, ಪೌಷ್ಟಿಕ ಆಹಾರ ತಗೋ” ಅಂತಾರೆ. ಪೌಷ್ಟಿಕ ಅಂದ್ರೇನು? ಅಂಗಡಿಯ ಡಬ್ಬಿ ಪುಡಿ ಎಂದು ತಿಳಿದು ಎಷ್ಟೋ ಮಂದಿ ಕೂಲಿ ರೊಕ್ಕ ಸುರಿಯುತ್ತಾರೆ. ಹಿತ್ತಲ ನುಗ್ಗಿ ತಪ್ಪಲ ಹಂಗೇ ಉದುರುತ್ತದೆ.

ನಮ್ಮ ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಶುರುವಾಯಿತು. ಅದನ್ನು ಕಟ್ಟಿ ನಡೆಸಿದವರು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಹೆಣ್ಣುಮಕ್ಕಳು. ಜೋಳ, ನವಣಿ, ಹೊಲದಾಗ ತಾನೇ ಹುಟ್ಟುವ ಪಲ್ಯ, ಎಲ್ಲದರ ಮಾತೂ ಅಲ್ಲಿ ಊರ ತೆಲುಗಿನಲ್ಲೇ. ನಮ್ಮ ಮನೆಮಾತು ಕನ್ನಡವಿದ್ದಲ್ಲಿ ನಾವೂ ಹಾಂಗೇ ಹೇಳೋಣ:

“ರಕ್ತದ ಗುಳಿಗಿ ಚಹಾದ ಜೋಡಿ ಬ್ಯಾಡ, ಮೈಗೆ ಹತ್ತೋದಿಲ್ಲ. ಪಲ್ಯಕ್ಕ ನಿಂಬಿಹಣ್ಣು ಹಿಂಡು. ಗುಳಿಗಿಯಿಂದ ಮಲ ಕಪ್ಪಾದರ ಅಂಜಿ ಬಿಡಬ್ಯಾಡ.”

ಒಂದು ಸಲಕ್ಕೆ ಇಷ್ಟೇ ಸಾಕು. ಆಮೇಲೆ “ತಿಳೀತಾ?” ಅಂತ ಕೇಳಬ್ಯಾಡ್ರಿ. ನಾಚಿಕೆಗೆ ಎಲ್ಲರೂ “ಹೂಂ” ಅಂತಾರೆ. “ಮನಿಗಿ ಹೋಗಿ ಅತ್ತಿಗಿ ಏನ್ ಹೇಳ್ತಿಯವ್ವಾ?” ಅಂತ ಕೇಳ್ರಿ. ಆಕಿ ತಪ್ಪು ಹೇಳಿದರೆ, ನಾವು ಹೇಳಿದ್ದು ಸರಿಯಾಗಿಲ್ಲ ಎಂದರ್ಥ. ಮತ್ತೊಮ್ಮೆ ಹೇಳಬೇಕು.

ಓದು ಬಾರದ್ದು ಆಕಿಯ ತಪ್ಪಲ್ಲ. ಓದು ನಮ್ಮ ಕೇರಿಗೆ ತಡವಾಗಿ ಬಂತು. ಓದಿದ ನಮ್ಮ ಹುಡುಗ ಹುಡುಗಿಯರು ವಾರಕ್ಕೆ ಒಂದೊಂದು ಮನೆಯ ಚೀಟಿ ಓದಿ ಹೇಳಲಿ. ಅದೇ ನಮ್ಮ ಸಂಘದ ಕೆಲಸ.