ಸೌರ ಇನ್ವರ್ಟರ್‌ಗೆ ವಿದ್ಯುತ್ ಸರ್ಜ್‌ನಿಂದ ರಕ್ಷಣೆ



ಮನೆಯ ಮೇಲ್ಛಾವಣಿಯಲ್ಲಿ ಸೌರ ವಿದ್ಯುತ್ ಉತ್ಪಾದಿಸುವುದರಲ್ಲಿ ಗುಜರಾತ್ ದೇಶದ ಮುಂಚೂಣಿಯಲ್ಲಿರುವ ರಾಜ್ಯ. 2024ರ ಫೆಬ್ರವರಿ 29ರಂದು ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ ‘ಪಿಎಂ ಸೂರ್ಯ ಘರ್: ಮುಫ್ತ್ ಬಿಜಲಿ ಯೋಜನೆ’ಯು ಒಂದು ಕೋಟಿ ಕುಟುಂಬಗಳಿಗೆ ಈ ಸೌಲಭ್ಯವನ್ನು ವಿಸ್ತರಿಸುವ ಗುರಿ ಹೊಂದಿದೆ. ಹೀಗೆ ಅಳವಡಿಸಿದ ಘಟಕಗಳನ್ನು ಕಾಪಾಡಿಕೊಳ್ಳುವುದೂ ಅಷ್ಟೇ ಮುಖ್ಯ.

ಸೌರ ಫಲಕಗಳ ನೇರ ವಿದ್ಯುತ್ತನ್ನು ಮನೆಬಳಕೆಯ ಪರ್ಯಾಯ ವಿದ್ಯುತ್ತಾಗಿ ಪರಿವರ್ತಿಸುವ ಸಾಧನವೇ ಇನ್ವರ್ಟರ್. ಸಿಡಿಲಿನ ಅಪಾಯವು ಫಲಕಗಳ ಕಡೆಯಿಂದ ಮಾತ್ರ ಬರುತ್ತದೆ ಎಂಬ ಭಾವನೆ ಸಾಮಾನ್ಯ. ಆದರೆ ಇನ್ವರ್ಟರ್‌ನ ಔಟ್‌ಪುಟ್ ಭಾಗವು ಸದಾ ವಿದ್ಯುತ್ ಮಾರ್ಗಕ್ಕೆ ಜೋಡಣೆಗೊಂಡಿರುತ್ತದೆ. ದೂರದಲ್ಲಿ ಬಡಿದ ಸಿಡಿಲು, ಮಾರ್ಗದಲ್ಲಿ ನಡೆಯುವ ಸ್ವಿಚಿಂಗ್, ದೊಡ್ಡ ಮೋಟಾರುಗಳ ನಿಲುಗಡೆ ಇವುಗಳಿಂದ ಉಂಟಾಗುವ ಸರ್ಜ್ ಆ ದಾರಿಯಲ್ಲೇ ಹಿಂದಕ್ಕೆ ನುಗ್ಗುತ್ತದೆ. 230 ವೋಲ್ಟ್ ಪೂರೈಕೆಯ ಗರಿಷ್ಠ ಮಟ್ಟ ಸುಮಾರು 325 ವೋಲ್ಟ್. ಮನೆಬಳಕೆಯ ಚಿಕ್ಕ ಇನ್ವರ್ಟರ್‌ಗಳ ಅರೆವಾಹಕಗಳು ಸಾಮಾನ್ಯವಾಗಿ ತಾಳಬಲ್ಲದ್ದು 600ರಿಂದ 650 ವೋಲ್ಟ್. ಮಿತಿ ಮೀರಿದರೆ ಕ್ಷಣಾರ್ಧದಲ್ಲಿ ಅವು ಹಾಳಾಗಬಹುದು.

ಇದಕ್ಕೆ ಪರಿಹಾರ ಸರ್ಜ್ ರಕ್ಷಕ. ಇದರೊಳಗಿನ ಸತುವಿನ ಆಕ್ಸೈಡ್ ಬಿಲ್ಲೆಯು ಸಾಮಾನ್ಯ ವೋಲ್ಟೇಜಿನಲ್ಲಿ ವಿದ್ಯುತ್ತನ್ನು ಬಹುತೇಕ ತಡೆದು, ವೋಲ್ಟೇಜ್ ಏರಿದೊಡನೆ ದಾರಿ ತೆರೆದು ಸರ್ಜನ್ನು ಭೂಮಿಗೆ ಹರಿಸುತ್ತದೆ. ಆದ್ದರಿಂದ ಉತ್ತಮ ಅರ್ಥಿಂಗ್ ಇಲ್ಲದೆಡೆ ಈ ರಕ್ಷಕದಿಂದ ಪೂರ್ಣ ಪ್ರಯೋಜನ ದೊರೆಯದು.

ಅಹಮದಾಬಾದಿನ ಬೋಡಕ್‌ದೇವ್‌ನಂತಹ ಬಹುಮಹಡಿ ಕಟ್ಟಡಗಳ ಬಡಾವಣೆಯಲ್ಲಿ ಒಂದು ಅಂಶಕ್ಕೆ ವಿಶೇಷ ಗಮನ ಅಗತ್ಯ. ಮೀಟರ್ ಫಲಕ ನೆಲಮಹಡಿಯಲ್ಲಿಯೂ ಇನ್ವರ್ಟರ್ ತಾರಸಿಯಲ್ಲಿಯೂ ಇದ್ದರೆ, ಕೆಳಗೆ ಅಳವಡಿಸಿದ ರಕ್ಷಕವೊಂದೇ ಮೇಲಿನ ಇನ್ವರ್ಟರನ್ನು ಕಾಪಾಡಲಾರದು. ನಡುವಣ ಕೇಬಲ್ 10 ಮೀಟರಿಗಿಂತ ಉದ್ದವಿದ್ದಲ್ಲಿ ಇನ್ವರ್ಟರ್‌ನ ಔಟ್‌ಪುಟ್ ಬಳಿ ಇನ್ನೊಂದು ರಕ್ಷಕ ಇರಬೇಕು. ರಕ್ಷಕದ ಜೋಡಣೆ ತಂತಿಗಳ ಒಟ್ಟು ಉದ್ದ ಅರ್ಧ ಮೀಟರ್ ಮೀರದಿರುವುದು ಒಳ್ಳೆಯದು. ಏಕೆಂದರೆ ಸಿಡಿಲಿನ ತೀವ್ರ ಪ್ರವಾಹದಲ್ಲಿ ಒಂದು ಮೀಟರ್ ತಂತಿಯಲ್ಲೇ ಸಾವಿರ ವೋಲ್ಟಿಗೂ ಮಿಗಿಲಾದ ವೋಲ್ಟೇಜ್ ಉಂಟಾಗಬಲ್ಲದು.

ಸರ್ಜ್ ಎಂಬುದು ಸೆಕೆಂಡಿನ ಅತ್ಯಲ್ಪ ಭಾಗದ ಘಟನೆ. ನ್ಯೂಟ್ರಲ್ ತಂತಿ ಕಡಿದಾಗ ವೋಲ್ಟೇಜ್ 400ರ ಸಮೀಪಕ್ಕೆ ಏರಿ ಹಾಗೆಯೇ ನಿಲ್ಲಬಹುದು. ಇದನ್ನು ಸರ್ಜ್ ರಕ್ಷಕವು ತಾಳದು. ಅದು ಕಾದು ಉರಿಯುವ ಅಪಾಯವೂ ಉಂಟು. ಆದಕಾರಣ ರಕ್ಷಕಕ್ಕೆ ತಕ್ಕ ಫ್ಯೂಸ್ ಹಾಗೂ ಅಧಿಕ ವೋಲ್ಟೇಜ್ ಉಂಟಾದಾಗ ಸಂಪರ್ಕ ಕಡಿಯುವ ಪ್ರತ್ಯೇಕ ಸಾಧನ ಇರತಕ್ಕದ್ದು.

ಪ್ರತಿ ಸರ್ಜ್ ತಡೆದಾಗಲೂ ರಕ್ಷಕ ಸ್ವಲ್ಪ ಸವೆಯುತ್ತದೆ. ಹಲವು ರಕ್ಷಕಗಳ ಸೂಚಕ ಕಿಂಡಿಯು ಹಸಿರಿನಿಂದ ಕೆಂಪಿಗೆ ತಿರುಗಿದರೆ ಅದನ್ನು ಬದಲಾಯಿಸಬೇಕೆಂದು ಅರ್ಥ. ಪ್ರತಿವರ್ಷ ಮುಂಗಾರಿಗೆ ಮುನ್ನ ಅದನ್ನೂ ಅರ್ಥಿಂಗ್‌ನ್ನೂ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದ ಪರಿಶೀಲಿಸಿಕೊಳ್ಳುವುದು ಲೇಸು.

ವಿದ್ಯುತ್ ಉಪಕರಣಗಳ ಪರೀಕ್ಷೆಗಾಗಿ ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೂ, ವಡೋದರದಲ್ಲಿ 1974ರಲ್ಲಿ ಸ್ಥಾಪನೆಯಾದ ಎರ್ಡಾ ಸಂಸ್ಥೆಯೂ ಇವೆ. ಕೊಳ್ಳುವ ಮುನ್ನ ಪರೀಕ್ಷಾ ವರದಿಯನ್ನು ಕೇಳುವುದು ಗ್ರಾಹಕರ ಹಕ್ಕು. ಇನ್ವರ್ಟರ್‌ನ ಬೆಲೆಗೆ ಹೋಲಿಸಿದರೆ ರಕ್ಷಕದ ಬೆಲೆ ಅಲ್ಪ. ಅದನ್ನು ಆರಂಭದಲ್ಲೇ ಅಳವಡಿಸಿಕೊಳ್ಳುವುದು ವಿವೇಕದ ಮಾರ್ಗ.