ಮಲೆನಾಡಿನ ಜ್ವರ, ಪುಣೆಯ ಪ್ರಯೋಗಾಲಯ



1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಜನರೂ ಜ್ವರದಿಂದ ಸತ್ತರು. ರೋಗಾಣುವನ್ನು ಗುರುತಿಸಿದ್ದು ನಾವಿಂದು ಸೇರಿರುವ ಈ ಪುಣೆಯ ವೈರಾಣು ಸಂಶೋಧನಾ ಕೇಂದ್ರ, ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಹೆಮ್ಮೆಯ ಸಂಗತಿಯೇ. ಆದರೆ ಮಲೆನಾಡಿನ ಜ್ವರಕ್ಕೆ ಹೆಸರಿಡಲು ಇಷ್ಟು ದೂರ ಬರಬೇಕಾಯಿತೆಂಬುದನ್ನು ಮರೆಯುವಂತಿಲ್ಲ.

2007ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಆರೋಗ್ಯ ಸಂಶೋಧನಾ ಇಲಾಖೆಯು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಬಹುಶಾಸ್ತ್ರೀಯ ಸಂಶೋಧನಾ ಘಟಕಗಳನ್ನೂ, ಹಳ್ಳಿಗಾಡಿನಲ್ಲಿ ಮಾದರಿ ಗ್ರಾಮೀಣ ಆರೋಗ್ಯ ಸಂಶೋಧನಾ ಘಟಕಗಳನ್ನೂ ತೆರೆಯಲು ಅನುದಾನ ನೀಡುತ್ತ ಬಂದಿದೆ. ಯೋಜನೆ ಸ್ತುತ್ಯವೇ ಸರಿ. ಆದರೆ ಅನುದಾನದಿಂದ ಯಂತ್ರ ಬಂದಷ್ಟು ಸುಲಭವಾಗಿ ಮನುಷ್ಯರು ಬಂದು ನಿಲ್ಲುವುದಿಲ್ಲ. ಗುತ್ತಿಗೆಯ ಮೇಲೆ ನೇಮಕಗೊಂಡ ತರುಣ ಕೆಲಸ ಕಲಿತೊಡನೆ ಬೆಂಗಳೂರಿಗೋ ಇಲ್ಲಿಗೋ ಹೊರಡುತ್ತಾನೆ. (ನಮ್ಮಲ್ಲೇ ಹಲವರು ಹಾಗೆ ಬಂದವರಲ್ಲವೇ?)

ಚಿಕಿತ್ಸಾ ಪ್ರಯೋಗಕ್ಕೆ ಮುನ್ನ ರೋಗಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪಡೆಯಬೇಕೆಂಬುದು ನಿಯಮ. ಅಚ್ಚಾದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ. ಸೊರಬದ ಕೂಲಿ ಹೆಂಗಸಿಗೆ ಅವಳ ಕನ್ನಡದಲ್ಲೇ ಅಪಾಯವನ್ನು ಬಿಡಿಸಿ ಹೇಳಬಲ್ಲವರು, ಆಕೆ ಒಲ್ಲೆನೆಂದರೆ ಕೇಳಿಸಿಕೊಳ್ಳಬಲ್ಲವರು, ಅಲ್ಲಿಯೇ ನೆಲೆನಿಂತ ವೈದ್ಯರು, ದಾದಿಯರು. ಅವರ ಹುದ್ದೆಗಳನ್ನು ಕಾಯಂಗೊಳಿಸಬೇಕೆಂಬ ಮನವಿಯೊಂದನ್ನು ಇಂದು ತಂದಿದ್ದೇನೆ. ಸಭೆ ಮುಗಿದ ಮೇಲೆ ತಾವೆಲ್ಲರೂ ದಯವಿಟ್ಟು ಓದಿ ಸಹಿ ಹಾಕಬೇಕು.